ಹೇಳಿದವರ ಮೈಗೆ

ನಮ್ಮೂರು ನಾರುತ್ತದೆ. ಈ ಮಾತನ್ನು ನಾನು ಇಷ್ಟು ಸಲೀಸಾಗಿ ಬರೆದದ್ದನ್ನು ಹಿಂದೆ ಯಾರಾದರೂ ನೋಡಿದ್ದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಬಾಯಿಂದ ಆಡುವುದಿರಲಿ, ಬರೆದರೂ ಕೈಗೆ ಹತ್ತಿ ಕೈಯಿಂದ ಮೈಗೇರುತ್ತದೆ ಎನ್ನುವುದು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ನನಗೆ ಈಗ ಆ ಹೆದರಿಕೆ ಯಾಕಿಲ್ಲ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಹೊಳೆಯ ಆಚೆ ದಂಡೆಯಲ್ಲಿ ಅಂಟಿನ ಕಾರ್ಖಾನೆಯಿದೆ. ಎಲುಬು, ಕೊಂಬು, ಗೊರಸು, ತೊಗಲಿನ ಚೂರು ಲಾರಿಗಟ್ಟಲೆ ಬಂದು ಅಲ್ಲಿ ಹಗಲೂ ರಾತ್ರಿ ಕುದಿಯುತ್ತವೆ. ಅಂಟು ಪೀಪಾಯಿ ಸೇರಿ ದೂರದ ಊರುಗಳಿಗೆ ಹೋಗುತ್ತದೆ, ನಾತ ನಮಗೆ ಉಳಿಯುತ್ತದೆ. 'ನಾರುತ್ತಿದೆ' ಎಂದು ಯಾರು ಬಾಯಿಬಿಟ್ಟು ಹೇಳುತ್ತಾರೋ, ಊರಿನ ನಾತವೆಲ್ಲ ಆ ಕ್ಷಣಕ್ಕೆ ಅವರ ಮೈಗೆ ಹತ್ತುತ್ತದೆ. ಉಳಿದವರ ಮೂಗಿಗೆ ಬಿಡುವು. ಹತ್ತಿದ್ದು ಸೀಗೆಕಾಯಿಗೆ ಬಗ್ಗುವುದಿಲ್ಲ, ಸೋಪಿಗೆ ಬಗ್ಗುವುದಿಲ್ಲ, ಊರು ಬಿಟ್ಟು ಓಡಿದರೂ ಹಿಂದೆ ಬರುತ್ತದೆ. ಇನ್ನೊಬ್ಬರು ಮೂಸಿ 'ನಾರುತ್ತಿದೆ' ಎಂದಾಗಲೇ ಇವರಿಗೆ ಬಿಡುಗಡೆ. ಆದರೆ ಒಬ್ಬರ ಮೈ ಎಷ್ಟೆಂದು ಹಿಡಿದೀತು? ಕೆಲವು ವಾರ ಕಳೆದರೆ ತುಂಬಿದ ಕೊಡದಿಂದ ನೀರು ಚೆಲ್ಲಿದ ಹಾಗೆ, ಅವರು ಎಲ್ಲೇ ಇರಲಿ, ಅದು ಮತ್ತೆ ಊರಿನ ಗಾಳಿಗೆ ಚೆಲ್ಲತೊಡಗುತ್ತದೆ. ಆಗ ಊರಿಗೆ ಹೊಸದೊಂದು ಮೈ ಬೇಕಾಗುತ್ತದೆ.

ಬುದ್ಧಿವಂತರಾದ ನಾವು ಆ ಮಾತಿನ ಸುತ್ತ ಮುಳ್ಳಿನ ಬೇಲಿ ಹಾಕಿಕೊಂಡು ಬದುಕುತ್ತಿದ್ದೆವು. ಚೆಲ್ಲುವ ದಿನಗಳಲ್ಲಿ 'ಇವತ್ತ ಹವಾ ಸ್ವಲ್ಪ ದಪ್ಪ ಐತಿ' ಎನ್ನುತ್ತಿದ್ದೆವು. ತೀರಾ ತಡೆಯದಾದಾಗ 'ಊದಿನಕಡ್ಡಿ ಹಚ್ಚರ್ವಾ' ಎಂದು ಮನೆಯವರನ್ನು ಕೂಗುತ್ತಿದ್ದೆವು. ಊದಿನಕಡ್ಡಿ ಅಂಗಡಿಗಳು ನಮ್ಮಲ್ಲಿ ಕಿರಾಣಿ ಅಂಗಡಿಗಳಿಗಿಂತ ಹೆಚ್ಚು. ಶಾಲೆಯಲ್ಲಿ 'ಗಾಳಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ' ಎಂಬ ಪಾಠ ಬಂದಾಗ ಮಕ್ಕಳು ಮೂಗು ಮುಚ್ಚಿಕೊಂಡೇ ಕೊನೆಯ ಮಾತನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಒದರುತ್ತಿದ್ದರು. ವರ್ಷಕ್ಕೊಮ್ಮೆ ಪರಿಸರದ ಅಧಿಕಾರಿ ಒಂದು ಯಂತ್ರ ಹಿಡಿದುಕೊಂಡು ಬರುತ್ತಿದ್ದರು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅದಕ್ಕೆ ಬಾಯಿ ಇರಲಿಲ್ಲ. ಅಧಿಕಾರಿಗೆ ಬಾಯಿ ಇತ್ತು, ಜೊತೆಗೆ ಹೆಂಡತಿ ಮಕ್ಕಳೂ ಇದ್ದರು. ಯಂತ್ರದ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿ, ಕಣ್ಣು ಒರೆಸಿಕೊಂಡು, 'ಎಲ್ಲಾ ಸರಿ ಐತಿ' ಎಂದು ಜೀಪು ಹತ್ತುತ್ತಿದ್ದರು.

ನಾನು ಈ ಊರಿನ ನಿರೂಪಕ. ಹೆಸರು ಶಿವಪುತ್ರಪ್ಪ, ಮಂದಿ ಕರೆಯುವುದು ಮೈಕ್ ಶಿವಪುತ್ರಪ್ಪ. ನಮ್ಮಷ್ಟು ಸಭೆ ಸಮಾರಂಭ ಮಾಡುವ ಊರು ಬೇರೊಂದಿಲ್ಲ. ಯೋಗ ದಿನ, ಗ್ರಂಥಾಲಯ ದಿನ, ಕೈ ತೊಳೆಯುವ ದಿನ, ಒಂದನ್ನೂ ಬಿಟ್ಟವರಲ್ಲ. ಇಷ್ಟೊಂದು ಸಾಂಸ್ಕೃತಿಕ ಕಾಳಜಿ ನಮಗೆ ಎಲ್ಲಿಂದ ಬಂತು ಎಂದು ಹೊರಗಿನವರು ಅಚ್ಚರಿಪಡುತ್ತಾರೆ. ಕಾರಣ ಸರಳ. ಪ್ರತಿ ಸಭೆಗೂ ಹೊರಗಿನಿಂದ ಒಬ್ಬ ಮುಖ್ಯ ಅತಿಥಿ ಬರಬೇಕು. ಅತಿಥಿ ಕಾರಿನಿಂದ ಇಳಿಯುತ್ತಿದ್ದ ಹಾಗೆ ನಾವೆಲ್ಲ ಹಾರ ಹಿಡಿದು ಸಾಲಾಗಿ ನಿಂತು ಅವರ ಮೂಗನ್ನೇ ನೋಡುತ್ತಿದ್ದೆವು. ನಾನು ಮುಂದೆ ಹೋಗಿ ಕೈಮುಗಿದು, 'ಹ್ಯಾಂಗ ಅನ್ನಿಸ್ತರಿ ನಮ್ಮೂರು?' ಎನ್ನುತ್ತಿದ್ದೆ. ಅವರು ಕರವಸ್ತ್ರ ತೆಗೆದು 'ಏನ್ರೀ ಇದು, ಈ ಪರಿ ನಾರುತ್ತಲ್ಲ!' ಎಂದ ಕೂಡಲೇ ಚಪ್ಪಾಳೆ ಬೀಳುತ್ತಿತ್ತು. ಯಾಕೆ ಚಪ್ಪಾಳೆ ಎಂದು ಅತಿಥಿಗೆ ತಿಳಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಶಾಲನ್ನು ದೂರದಿಂದಲೇ ಎಸೆದು, ಹಣ್ಣಿನ ಬುಟ್ಟಿಯನ್ನು ಕಾಲಿನಿಂದ ಸರಿಸಿ, ಕಾರಿನ ಗಾಜು ಇಳಿಸಿ ಕಳಿಸಿಬಿಡುತ್ತಿದ್ದೆವು. ಅವರ ಊರಲ್ಲಿ ಅವರನ್ನು ಮನೆಯೊಳಗೆ ಬಿಟ್ಟರೋ ಇಲ್ಲವೋ, ನಾವು ಕೇಳಲು ಹೋದವರಲ್ಲ.

ಊರಿನಲ್ಲಿ ಇದು ದೊಡ್ಡ ಸಮಾಜಸೇವೆ ಎಂದು ನಡೆಯುತ್ತಿತ್ತು, ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಸುದ್ದಿಗೆ ಕಾಲು ಬಂದವು. ಕೊನೆಗೆ ಬಂದವನು ಒಬ್ಬ ಹಾಸ್ಯ ಭಾಷಣಕಾರ. ಕಾರಿನಿಂದ ಇಳಿಯುತ್ತಲೇ ನಮ್ಮೂರ ನಾತದ ಮೇಲೆ ಒಂದು ನಗೆಚಟಾಕಿ ಹಾರಿಸಿದ, ಆಮೇಲೆ ಅವನನ್ನು ಯಾರೂ ಎಲ್ಲೂ ನಗಿಸಲು ಕರೆಯಲಿಲ್ಲವಂತೆ. ಅಂದಿನಿಂದ ಯಾರನ್ನು ಕರೆದರೂ 'ಆ ದಿನ ಬೇರೆ ಕಾರ್ಯಕ್ರಮ ಇದೆ' ಎನ್ನತೊಡಗಿದರು. ಭಾಷಣಕಾರನ ಮೈ ತುಂಬಿತು, ಊರಲ್ಲಿ ಮತ್ತೆ ಚೆಲ್ಲತೊಡಗಿತು. ಸರಿಯಾಗಿ ಆ ಹೊತ್ತಿಗೇ ನನ್ನ ಮಗಳು ದಾಕ್ಷಾಯಣಿ ತವರಲ್ಲಿ ಹಡೆದಳು.

ಹೆಣ್ಣು ಕೂಸು. ಬೆಲ್ಲದ ಅಚ್ಚಿನಂಥ ಮುಖ. ಆದರೆ ಹಾಲು ಕುಡಿಯಲೊಲ್ಲದು. ಎದೆಗೆ ಹಚ್ಚಿದರೆ ಮೂಗು ಅರಳಿಸಿ, ಮುಖ ಕಿವುಚಿ, ಕತ್ತು ಆ ಕಡೆ ಹೊರಳಿಸಿ ಅಳುವುದು. ಉಸಿರು ಒಳಗೆ ಎಳೆದರೆ ತಾನೇ ಕುಡಿಯಲು ಆಗುವುದು? ಆ ಗಾಳಿಯನ್ನು ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ನಾವು ದೊಡ್ಡವರು ಕಲಿತ ಬೇಲಿ ಅದಕ್ಕಿನ್ನೂ ಗೊತ್ತಿರಲಿಲ್ಲ. ಡಾಕ್ಟರು ಬಂದು ನೋಡಿ, 'ಹವಾಮಾನ' ಎಂದು ಎತ್ತಲೋ ನೋಡುತ್ತ ಹೇಳಿ ಹೋದರು. ಕೂಸಿನ ಅಳು ದಿನದಿನಕ್ಕೆ ಸಣ್ಣದಾಯಿತು.

'ಯವ್ವಾ, ಕೂಸು ಮೊಲಿ ಹಿಡೀವಲ್ದು' ಎಂದು ದಾಕ್ಷಾಯಣಿ ಅಳುತ್ತ ಕೂತ ಆ ಮಧ್ಯಾಹ್ನ ನನ್ನ ಹೆಂಡತಿ ಕಸ್ತೂರೆವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಂಡಳು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನಾನು ಮುಂದಿನ ಸಭೆಗೆ ಯಾರನ್ನು ಕರೆಯುವುದು ಎಂದು ಯೋಚಿಸುತ್ತ ಕೂತಿದ್ದೆ. ಅವಳು ಹಿತ್ತಲ ಬಾಗಿಲಲ್ಲಿ ನಿಂತು, ಹೊಳೆಯ ಕಡೆಗೆ ಮುಖ ಮಾಡಿ, ಯಾರನ್ನೋ ಊಟಕ್ಕೆ ಕರೆಯುವಷ್ಟೇ ಸಹಜವಾಗಿ ಅಂದಳು: 'ನಾರಾಕತ್ತೈತಿ.'

ಗಾಳಿ ತಿಳಿಯಾಯಿತು. ಕೂಸು ಅಳು ನಿಲ್ಲಿಸಿ, ಬಾಯಿ ತೆರೆದು ಹುಡುಕಿ, ಹಾಲು ಕುಡಿಯಲು ಶುರುಮಾಡಿತು. ಅದು ಗುಟುಕರಿಸುವ ಸದ್ದು ಕೇಳಿ ದಾಕ್ಷಾಯಣಿ ನಕ್ಕಳು, ಆಮೇಲೆ ತಾಯಿಯ ಕಡೆ ತಿರುಗಿದವಳು ನಗು ನಿಲ್ಲಿಸಿ ಮೂಗು ಮುಚ್ಚಿಕೊಂಡಳು. ಕಸ್ತೂರೆವ್ವ ಹಿತ್ತಲ ಕಟ್ಟಿಗೆ ಕೋಣೆಗೆ ಹೋಗಿ ಒಳಗಿನಿಂದ ಬಾಗಿಲು ಮುಂದೆ ಮಾಡಿಕೊಂಡಳು. ಕಸ್ತೂರಿ ಎಂದು ಹೆಸರಿಟ್ಟ ನಮ್ಮ ಮಾವನವರು ಬದುಕಿದ್ದರೆ ಏನೆನ್ನುತ್ತಿದ್ದರೋ!

ನಮ್ಮ ಕಡೆ ಎಳೆಗೂಸಿಗೆ ಎರೆಯುವುದು ಅಜ್ಜಿಯ ಹಕ್ಕು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವ ಆ ಕೆಲಸಕ್ಕಾಗಿ ಕಸ್ತೂರೆವ್ವ ಎಷ್ಟೋ ವರ್ಷಗಳಿಂದ ಕಾದಿದ್ದಳು. ಈಗ ಕಟ್ಟಿಗೆ ಕೋಣೆಯಿಂದಲೇ ಕೂಗಿ ಹೇಳುತ್ತಿದ್ದಳು: 'ದಾಕ್ಷಾ, ಕುತ್ತಿಗಿ ಮಡಿಕ್ಯಾಗ ಎಣ್ಣಿ ಹಚ್ಚವಾ. ಕಿವಿಗಿ ಅಡ್ಡ ಕೈ ಹಿಡಿ. ಅಳಲಿ ಬಿಡು, ಅತ್ರ ಎದಿ ಗಟ್ಟಿ ಆಗತೈತಿ.' ನಾನು ಊಟದ ತಾಟನ್ನು ಬಾಗಿಲ ಹೊರಗಿಟ್ಟು ಉಸಿರು ಬಿಗಿಹಿಡಿದು ಓಡಿ ಬರುತ್ತಿದ್ದೆ. ಒಂದು ದಿನ ಅವಳು ಒಳಗಿನಿಂದ ಕೇಳಿದಳು, 'ಅಲ್ರೀ, ಕೂಸು ಯಾರ್ಹಂಗ ಐತಿ? ನಾ ಚಂದಂಗ ನೋಡೇ ಇಲ್ಲ.'

'ನಿನ್ಹಂಗ ಐತಿ' ಎಂದೆ.

'ಪಾಪ' ಎಂದು ನಕ್ಕಳು.

ದಾಕ್ಷಾಯಣಿಯ ಗಂಡನ ಮನೆಯವರು ಕೂಸನ್ನು ತೊಟ್ಟಿಲಿಗೆ ಹಾಕಿ ಬೇಗ ಕರೆದೊಯ್ಯುತ್ತೇವೆ ಎಂದು ಹೇಳಿ ಕಳಿಸಿದ್ದರು. ಅಷ್ಟರೊಳಗೆ ಇನ್ನೊಬ್ಬರು ಹೇಳದೆ ಹೋದರೆ ಕಸ್ತೂರೆವ್ವ ಮೊಮ್ಮಗಳಿಗೆ ಒಂದು ತಂಬಿಗೆ ನೀರೂ ಹೊಯ್ಯದೆ ಉಳಿಯುತ್ತಾಳೆ. ನೀನೇ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನನಗೂ ಅದು ಹೊಳೆದಿತ್ತು. ಆದರೆ ನಿರೂಪಕನೇ ನಾರಿದರೆ ವೇದಿಕೆಯ ಗತಿಯೇನು, ಸಭೆ ನಡೆಯದಿದ್ದರೆ ಅತಿಥಿ ಬರುವುದು ಹೇಗೆ, ಅತಿಥಿ ಬರದಿದ್ದರೆ ಊರಿನ ಗತಿಯೇನು? ಊರಿನ ಹಿತ ಮುಂದಿಟ್ಟುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಂಜುಬುರುಕನಿಗೆ ಊರಿನ ಹಿತ ಬೇಗ ನೆನಪಾಗುತ್ತದೆ.

ಹುಡುಕಿ ಹುಡುಕಿ ಕೊನೆಗೆ ಒಬ್ಬರು ಸಿಕ್ಕರು. ನಿವೃತ್ತ ನ್ಯಾಯಮೂರ್ತಿ ತಾರಾಮಣಿ ಎಂಬವರು, ತೆಂಕಣದ ಕಡೆಯವರು. ಮಾನವ ಹಕ್ಕುಗಳ ದಿನಾಚರಣೆಗೆ 'ಆರೋಗ್ಯಕರ ಪರಿಸರ: ಮನುಷ್ಯನ ಹಕ್ಕು' ಎಂಬ ವಿಷಯದ ಮೇಲೆ ಮಾತಾಡಲು ಒಪ್ಪಿದರು. ಪುರಸಭೆಯ ಅಧ್ಯಕ್ಷ ಗುರುಸಿದ್ದಪ್ಪನಿಗೆ ಆನಂದ ತಡೆಯಲಾಗಲಿಲ್ಲ. 'ವಿಷಯಾನ ಅಂಥಾದ್ದೈತಿ, ಮೊದಲನೇ ಮಾತಿಗೇ ಹೇಳಿಬಿಡ್ತಾರ' ಎಂದ. ಶಾಮಿಯಾನ, ಸೋಫಾ, ಊಟದ ಖರ್ಚನ್ನೆಲ್ಲ ಅಂಟಿನ ಕಾರ್ಖಾನೆ ವಹಿಸಿಕೊಂಡಿತು. ಹಕ್ಕಿನ ಬಗ್ಗೆ ಅವರಿಗಿರುವ ಕಾಳಜಿ ಹಳೆಯದು. ಪುರಭವನದ ಗೋಡೆಯ ಮೇಲೆ 'ಶುದ್ಧ ಗಾಳಿ ಎಲ್ಲರ ಹಕ್ಕು' ಎಂದು ಬರೆಸಿದ್ದೂ ಅವರ ಮ್ಯಾನೇಜರ್ ಪ್ರಭಂಜನ ಸಾಹೇಬರೇ.

ತಾರಾಮಣಿಯವರು ಕಾರಿನಿಂದ ಇಳಿದರು. ಎತ್ತರದ ಹೆಂಗಸು, ಬೆಳ್ಳಗಿನ ಕೂದಲು, ಖಾದಿ ಸೀರೆ. ನಾವು ಹಾರ ಹಿಡಿದು ಮೂಗು ನೋಡುತ್ತ ನಿಂತೆವು. ಅವತ್ತು ಹವಾ ದಪ್ಪವಾಗಿಯೇ ಇತ್ತು, ಕಸ್ತೂರೆವ್ವನ ಮೈಯೂ ತುಂಬಿ ಚೆಲ್ಲತೊಡಗಿತ್ತು. ನಾನು ಮುಂದೆ ಹೋಗಿ ಕೈಮುಗಿದು, 'ಹ್ಯಾಂಗ ಅನ್ನಿಸ್ತರಿ ಅಮ್ಮಾ ನಮ್ಮೂರು?' ಎಂದೆ.

ಅವರು ಎದೆ ತುಂಬ ಉಸಿರೆಳೆದು, 'ಪರವಾಗಿಲ್ಲಪ್ಪ, ಚೆನ್ನಾಗಿದೆ' ಎಂದರು. ಗುರುಸಿದ್ದಪ್ಪನ ಕೈಯಲ್ಲಿದ್ದ ಹಾರ ಜಾರಿ ಬಿತ್ತು.

ಸಭೆಗೆ ಮೊದಲು ಅತಿಥಿಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟು, ಚಹಾ. ತಿಂದವರು ಕೈ ತೊಳೆಯಲು ಹಿತ್ತಲಿಗೆ ಹೋದರು, ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಲು ಹೋದರೆ ಕಟ್ಟಿಗೆ ಕೋಣೆಯ ಹೊಸ್ತಿಲ ಮೇಲೆ ಕಸ್ತೂರೆವ್ವನ ಪಕ್ಕದಲ್ಲಿ ಕೂತಿದ್ದಾರೆ! ಅವಳ ಕೈ ಇವರ ಕೈಯಲ್ಲಿದೆ. ಅಷ್ಟು ದಿನಗಳಲ್ಲಿ ಅವಳನ್ನು ಮುಟ್ಟಿದ ಮೊದಲ ಜೀವ. ಕಸ್ತೂರೆವ್ವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳುತ್ತಿರಲಿಲ್ಲ.

'ಏನಪ್ಪ ಇದು? ಬಾಣಂತಿ ಮನೆಯಲ್ಲಿ ಅಜ್ಜಿ ಸೌದೆ ಕೋಣೆಯಲ್ಲಾ?' ಎಂದು ನನ್ನನ್ನೇ ಕೇಳಿದರು.

ಕಸ್ತೂರೆವ್ವನೇ ಎಲ್ಲ ಹೇಳಿದಳಂತೆ. ತಾರಾಮಣಿಯವರಿಗೆ ಹಿಂದೊಮ್ಮೆ ದೊಡ್ಡ ಜ್ವರ ಬಂದು ಮೂಗಿನ ಶಕ್ತಿ ಹೋಗಿತ್ತು. ಮಲ್ಲಿಗೆಯೂ ಅಷ್ಟೆ, ಮೋರಿಯೂ ಅಷ್ಟೆ. ನಾಡೆಲ್ಲ ಹುಡುಕಿ ನಾನು ತಂದದ್ದು ಮೂಗಿಲ್ಲದ ಅತಿಥಿಯನ್ನು!

'ಅದಕ್ಕೇನಂತೆ, ನಾನು ಹೇಳ್ತೀನಿ' ಎಂದು ಅವರು ಎದ್ದು ನಿಂತು, ತೀರ್ಪು ಓದುವ ದನಿಯಲ್ಲಿ, 'ಈ ಊರು ನಾರುತ್ತಿದೆ' ಎಂದರು. ನಾನೂ ದಾಕ್ಷಾಯಣಿಯೂ ಉಸಿರು ಹಿಡಿದು ನಿಂತೆವು. ಏನೂ ಆಗಲಿಲ್ಲ. ಕಸ್ತೂರೆವ್ವ ತನ್ನ ಅಂಗೈ ಮೂಸಿ ತಲೆ ಅಲ್ಲಾಡಿಸಿದಳು. 'ಅಮ್ಮಾರ, ನೀವು ಮೂಸಿದ್ದಲ್ರಿ, ಕೇಳಿದ್ದು. ಮೂಸಿದವರು ಹೇಳಬೇಕು.'

ತಾರಾಮಣಿಯವರು ಜೋರಾಗಿ ನಕ್ಕರು. 'ನಾನೇ ನೂರಾರು ಸಲ ಹೇಳಿದೀನಿ ಕಣಮ್ಮ, ಕೇಳಿದ್ದು ಸಾಕ್ಷಿ ಆಗಲ್ಲ ಅಂತ. ಈಗ ನನ್ನ ತಲೆ ಮೇಲೇ ಬಂತು.' ಆಮೇಲೆ ನಗು ನಿಲ್ಲಿಸಿ, 'ಇಲ್ಲಿ ಯಾಕೆ ಕೂತಿದೀರಿ? ಇದು ನಿಮ್ಮ ಮೈ ವಾಸನೆಯಾ?' ಎಂದರು.

'ಅಲ್ರಿ. ಕಾರ್ಖಾನೀದು.'

'ಮತ್ತೆ ನೀವು ಯಾಕೆ ಬಚ್ಚಿಟ್ಟುಕೊಂಡಿದೀರಿ? ಬನ್ನಿ, ಸಭೆಗೆ ಹೋಗೋಣ.'

'ಬ್ಯಾಡ' ಎಂದೆ ನಾನು. ಬಾಯಿಂದ ತಾನಾಗಿ ಬಂತು. 'ಗಣ್ಯರು ಬರ್ತಾರ. ಸಭಾ ಕೆಡತೈತಿ.'

ಕಸ್ತೂರೆವ್ವ ನನ್ನನ್ನು ನೋಡಿದಳು. ನಾತ ಹತ್ತಿದ ಯಾರೂ ನಮ್ಮೂರಲ್ಲಿ ಎಂದೂ ಹೊರಗೆ ಬಂದವರಲ್ಲ. ಅದು ನಾಚಿಕೆಯ ವಿಷಯ ಎಂದು ಎಲ್ಲರೂ ಎಂದೋ ಒಪ್ಪಿಕೊಂಡುಬಿಟ್ಟಿದ್ದೆವು, ಅವಳೂ ಒಪ್ಪಿಕೊಂಡಿದ್ದಳು. 'ದಾಕ್ಷಾ, ನನ್ನ ಹಸಿರು ಇಳಕಲ್ ಸೀರಿ ತಾರವಾ' ಎಂದಳು.

ಪುರಭವನ ಕಿಕ್ಕಿರಿದಿತ್ತು. ತಾರಾಮಣಿಯವರು ಕಸ್ತೂರೆವ್ವನ ಕೈಹಿಡಿದು ಒಳಗೆ ಬಂದ ಕೂಡಲೇ ಹಿಂದಿನ ಸಾಲು ಎದ್ದು ನಿಂತಿತು. ಆಮೇಲೆ ನಡುವಿನ ಸಾಲು, ಆಮೇಲೆ ಮುಂದಿನದು. ಓಡಿಹೋಗಲು ಎದ್ದವರು ಮುಖ್ಯ ಅತಿಥಿಯನ್ನು ಕಂಡು ಕೈಮುಗಿದು ನಿಂತರು, ಹೊರಗಿನಿಂದ ನೋಡಿದವರಿಗೆ ಸಭೆಯೇ ಎದ್ದು ಗೌರವ ಕೊಟ್ಟ ಹಾಗಿತ್ತು. ವೇದಿಕೆಯ ಮೇಲೆ ಒಂದೇ ಸೋಫಾ. ಒಂದು ತುದಿಗೆ ಗುರುಸಿದ್ದಪ್ಪ, ಪಕ್ಕದಲ್ಲಿ ಪ್ರಭಂಜನ ಸಾಹೇಬರು. ತಾರಾಮಣಿಯವರು ಈ ತುದಿಗೆ ಕೂತು, ಸಾಹೇಬರಿಗೂ ತಮಗೂ ನಡುವೆ ಕಸ್ತೂರೆವ್ವನನ್ನು ಕೂರಿಸಿಕೊಂಡರು. ಗುರುಸಿದ್ದಪ್ಪನ ಫೋನು ರಿಂಗಾಗದಿದ್ದರೂ ಅವನು ಅದನ್ನು ಕಿವಿಗಿಟ್ಟುಕೊಂಡು 'ಹಲೋ ಹಲೋ' ಎನ್ನುತ್ತ ಇಳಿದು ಹೋದ. ಸಾಹೇಬರು ಹೋಗುವಂತಿರಲಿಲ್ಲ. ಪ್ರಾಯೋಜಕರು ಅವರು, ಸನ್ಮಾನವೂ ಅವರಿಗೇ ಇತ್ತು. ಮುಖ್ಯ ಅತಿಥಿ ಮಾತಾಡುವಾಗ ವೇದಿಕೆ ಬಿಟ್ಟು ಏಳುವುದು ನಮ್ಮಲ್ಲಿ ಹೆಣದ ಮುಂದೆ ನಗುವುದಕ್ಕಿಂತ ದೊಡ್ಡ ತಪ್ಪು.

ತಾರಾಮಣಿಯವರು ಮಾತಾಡಿದರು. ಉಸಿರಾಡುವ ಗಾಳಿ, ಕುಡಿಯುವ ನೀರು ಯಾರೋ ಕೈಯೆತ್ತಿ ಕೊಡುವ ಭಿಕ್ಷೆಯಲ್ಲ, ಹುಟ್ಟಿದ ಕೂಸಿಗೆ ಹುಟ್ಟಿನಿಂದಲೇ ಬಂದ ಹಕ್ಕು ಎಂದರು. ಬದುಕುವ ಹಕ್ಕು ಕೊಟ್ಟು ಉಸಿರು ಕೊಡದಿದ್ದರೆ ಮದುವೆ ಮಾಡಿ ಗಂಡನ್ನು ಕಳಿಸದ ಹಾಗೆ ಎಂದಾಗ ಹೆಂಗಸರು ನಕ್ಕರು. ಅವರಿಗೆ ಅವಸರವಿರಲಿಲ್ಲ. ಸೋಫಾದ ಮೇಲೆ ಸಾಹೇಬರು ಮೊದಲು ಕರವಸ್ತ್ರ ತೆಗೆದರು. ಆಮೇಲೆ ಕೊರಳಿನ ಗಂಧದ ಹಾರವನ್ನು ಗಲ್ಲದವರೆಗೆ ಎಳೆದುಕೊಂಡರು. ಆಮೇಲೆ ಶಾಲನ್ನು ಮೂಗಿನವರೆಗೆ ಹೊದ್ದರು, ಆ ಜನಜಂಗುಳಿಯ ಸೆಕೆಯಲ್ಲಿ. ಕಣ್ಣಿಂದ ಧಾರಾಕಾರ ನೀರು. 'ನೋಡ್ರಿ, ಸಾಹೇಬರ ಮನಸ್ಸು ಎಷ್ಟ ಕರಗೇತಿ' ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. ಕಸ್ತೂರೆವ್ವ ಮಾತ್ರ ಮಡಿಲಲ್ಲಿ ಕೈಯಿಟ್ಟುಕೊಂಡು, ತಲೆಯ ಮೇಲಿನ ಸೆರಗು ಜಾರದ ಹಾಗೆ ನೆಟ್ಟಗೆ ಕೂತಿದ್ದಳು. ಅವಳನ್ನು ವೇದಿಕೆಯ ಮೇಲೆ ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಎಷ್ಟೊಂದು ಅಡ್ಡಕಸಬಿಗಳನ್ನು ಆ ಸೋಫಾದ ಮೇಲೆ ಕೂರಿಸಿದ್ದೆ ನಾನು!

'ಇಲ್ಲಿ ಯಾರಿಗಾದರೂ ಗಾಳಿಯಿಂದ ತೊಂದರೆ ಇದ್ದರೆ ಎದ್ದು ಹೇಳಿ' ಎಂದು ಕೊನೆಗೆ ತಾರಾಮಣಿಯವರು ಕೇಳಿದರು. 'ಹಕ್ಕು ಕೇಳದೆ ಸಿಗಲ್ಲ.' ಸಭಿಕರೆಲ್ಲ ಫ್ಯಾನು ನೋಡಿದರು. ಕೆಲವರು ಚಪ್ಪಲಿ ಹುಡುಕಿದರು. ಒಬ್ಬ ಮುದುಕ ಎದ್ದು ನಿಂತಾಗ ಎಲ್ಲರ ಎದೆ ಹಾರಿತು, ಅವನು ಊಟ ಎಷ್ಟು ಹೊತ್ತಿಗೆ ಎಂದು ಕೇಳಿ ಕೂತ.

ಮುಂದೆ ಪ್ರಾಯೋಜಕರ ಎರಡು ಮಾತು. ಸಾಹೇಬರು ಮೈಕಿನ ಕಂಬದ ಹತ್ತಿರ ಹೋಗುವ ಆಸೆಯಿಂದ ಅರ್ಧ ಎದ್ದಿದ್ದರು. ಅಲ್ಲಿಗೆ ಹೋದರೆ ಪಾರಾಗುತ್ತಾರೆ. ನಾನು ಕಸ್ತೂರೆವ್ವನ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಏನು ಧೈರ್ಯ ಬಂತೋ, ಕೈಯಲ್ಲಿ ಹಿಡಿಯುವ ಮೈಕನ್ನು ತೆಗೆದುಕೊಂಡು ಹೋಗಿ ಸಾಹೇಬರ ಬಾಯಿಗೇ ಹಿಡಿದೆ. 'ಹಿರಿಯರಿಗೆ ಎದ್ದು ಹೋಗುವ ತೊಂದರೆ ಬೇಡ, ಸಾಹೇಬರು ಕುಳಿತಲ್ಲಿಂದಲೇ ಎರಡು ಮಾತನಾಡಬೇಕೆಂದು ಸಭೆಯ ಪರವಾಗಿ ವಿನಂತಿಸಿಕೊಳ್ಳುತ್ತೇನೆ' ಎಂದೆ. ಚಪ್ಪಾಳೆ ಬಿತ್ತು. ಮಾತಾಡಬೇಕೆಂದರೆ ಯಾರೇ ಆಗಲಿ ಮೊದಲು ಉಸಿರು ಎಳೆದುಕೊಳ್ಳಬೇಕು. ಸಾಹೇಬರು ಶಾಲು ಕೆಳಗಿಳಿಸಿ ಉಸಿರು ಎಳೆದುಕೊಂಡರು. ಕಸ್ತೂರೆವ್ವ ಅವರ ಕಡೆ ಪೂರ್ತಿ ತಿರುಗಿ, ಮನೆಗೆ ಬಂದ ಬೀಗರಿಗೆ ಹೇಳುವ ಹಾಗೆ, 'ಮಾತಾಡ್ರಿ ಸಾಹೇಬ್ರ, ಸಂಕೋಚ ಮಾಡ್ಕೋಬ್ಯಾಡ್ರಿ' ಎಂದಳು.

'ಅಯ್ಯಯ್ಯಪ್ಪಾ!' ಎಂದು ಸಾಹೇಬರ ಕೂಗು ಊರಿನ ಎಲ್ಲ ಲೌಡ್‌ಸ್ಪೀಕರುಗಳಲ್ಲಿ ಕೇಳಿತು. 'ಎಂಥಾ ನಾತ ಇದು! ಹೇಗ್ರೀ ಬದುಕ್ತೀರಾ ಇದರಲ್ಲಿ?'

ಹೇಳಿದ ಮೇಲೆ ಅವರಿಗೇ ತಿಳಿಯಿತು. ಬಾಯಿ ಮುಚ್ಚಿಕೊಂಡರು, ಆದರೆ ಆಡಿದ ಮಾತು ಒಡೆದ ಮುತ್ತು. ಸಭೆಯಲ್ಲಿ ಸಾವಿರ ಮೂಗುಗಳು ಒಟ್ಟಿಗೆ ಉಸಿರೆಳೆದವು. ಕಸ್ತೂರೆವ್ವ ಅಂಗೈ ಮೂಸಿ ನೋಡಿಕೊಂಡಳು. ತಾಂಬೂಲಕ್ಕೂ ಕಾಯಲಿಲ್ಲ, ತಾರಾಮಣಿಯವರ ಕಾಲು ಮುಟ್ಟಿ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಮನೆಯ ಕಡೆ ಓಡಿದಳು. ಅವತ್ತು ವಂದನಾರ್ಪಣೆ ಮಾಡಿದ ನೆನಪು ನನಗಿಲ್ಲ.

ನಾನು ಮನೆಗೆ ಬಂದಾಗ ಬಚ್ಚಲಲ್ಲಿ ಹಬೆ ತುಂಬಿತ್ತು. ಕಸ್ತೂರೆವ್ವ ಕಾಲು ನೀಡಿ ಕೂತಿದ್ದಳು, ಕೂಸು ಕಾಲ ಮೇಲೆ ಬೋರಲಾಗಿ ಮಲಗಿ ಗಂಟಲು ಹರಿದುಕೊಳ್ಳುತ್ತಿತ್ತು. ಅವಳು ನೀರು ಹೊಯ್ಯುತ್ತ ಅಳುತ್ತಿದ್ದಳು, ನಗುತ್ತಿದ್ದಳು. 'ನೋಡ್ರಿ, ನನ್ಹಂಗಿಲ್ಲ. ನಿಮ್ಹಂಗ ಐತಿ' ಎಂದಳು. ಆಮೇಲೆ ಕೂಸಿನ ಬೆನ್ನಿನ ಮೇಲೆ ಕೈಯಾಡಿಸುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಅಂದಳು: 'ನೀವು ಹೇಳ್ತೀರಿ ಅಂತ ನಾ ದಿನಾ ಕಾಯ್ಕೋತ ಕುಂದರ್ತಿದ್ದೆ.'

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಂಡೆಯ ಕೆಳಗಿನ ಕಟ್ಟಿಗೆ ಸರಿಸಿ, ಬಿಸಿನೀರಿನ ತಂಬಿಗೆ ತುಂಬಿ ಅವಳ ಕೈಗೆ ಕೊಟ್ಟೆ.

ಪ್ರಭಂಜನ ಸಾಹೇಬರು ಅದೇ ದಿನ ಊರು ಬಿಟ್ಟರು. ನಾತವೂ ಅವರ ಜೊತೆ ಕಂಪನಿಯ ದೊಡ್ಡ ಕಚೇರಿಗೆ ಹೋಯಿತು. ಅಲ್ಲಿ ಧಣಿಗಳೆಲ್ಲ ಅವರ ಎದುರು ಮೇಜಿನ ಸುತ್ತ ಕೂತು, ಒಬ್ಬರೂ ಬಾಯಿ ಬಿಡದೆ, ಕಾಫಿ ಕುಡಿದರಂತೆ. ನಮ್ಮ ಪುರಸಭೆ ಕೂಡಲೇ ಎಚ್ಚೆತ್ತಿತು. ತನಿಖೆ ಮಾಡಿ, ಎಲ್ಲ ಅನರ್ಥಕ್ಕೂ ಸೋಫಾ ಕಾರಣ ಎಂದು ಕಂಡುಹಿಡಿದು, ಇನ್ನು ಮುಂದೆ ವೇದಿಕೆಯ ಮೇಲೆ ಗಣ್ಯರಿಗೆ ಬಿಡಿ ಕುರ್ಚಿಗಳನ್ನೇ ಹಾಕತಕ್ಕದ್ದು ಎಂದು ಠರಾವು ಮಾಡಿತು. ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದರು. ಅವರು ಯಾವ ಸಭೆಗೂ ಬರಲೊಲ್ಲರು, ಕಚೇರಿಯ ಕಿಟಕಿ ತೆರೆಯಲೊಲ್ಲರು. ಎಲುಬು ಕುದಿಯುವುದು ಒಂದು ಗಳಿಗೆಯೂ ನಿಲ್ಲಲಿಲ್ಲ.

ಹಾಗಾಗಿ ಕೆಲವು ವಾರ ಕಳೆದ ಮೇಲೆ ಹವಾ ಮತ್ತೆ ದಪ್ಪವಾಯಿತು. ದಾಕ್ಷಾಯಣಿ ಇನ್ನೂ ನಮ್ಮಲ್ಲೇ ಇದ್ದಳು, ಮರುದಿನ ಗಂಡನ ಮನೆಯವರು ಬರುವವರಿದ್ದರು. ಬೆಳಗ್ಗೆ ಎರೆದು, ಲೋಬಾನದ ಹೊಗೆ ಹಾಕಿ, ಕಾಡಿಗೆ ಹಚ್ಚಿ ಎದೆಗೆ ಕೊಟ್ಟರೆ ಕೂಸು ಮೂಗು ಅರಳಿಸಿತು. ಮುಖ ಕಿವುಚಿ ಕತ್ತು ಹೊರಳಿಸಿತು. ಕಸ್ತೂರೆವ್ವ ಕೂಸಿನ ನೆತ್ತಿಗೆ ಒಂದು ಮುತ್ತು ಕೊಟ್ಟಳು. ಎದ್ದು ಕೂದಲು ಬಿಗಿದು ತುರುಬು ಕಟ್ಟಿಕೊಂಡಳು. ಕಟ್ಟಿಗೆ ಕೋಣೆಯ ಚಿಲಕ ತೆಗೆದು ಇಟ್ಟು ಬಂದು ಹಿತ್ತಲ ಬಾಗಿಲಲ್ಲಿ ಹೊಳೆಯ ಕಡೆ ಮುಖ ಮಾಡಿ ನಿಂತಳು.

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ಮೈಕಿರಲಿಲ್ಲ, ಸಭೆಯಿರಲಿಲ್ಲ, ಮಾನ್ಯರೇ ಮಹನೀಯರೇ ಇರಲಿಲ್ಲ. 'ನಾರಾಕತ್ತೈತಿ' ಎಂದೆ. ದನಿ ಹೊರಬಿದ್ದದ್ದು ಅರ್ಧ. ಆದರೂ ಸಾಕಾಯಿತು. ಹಿಂದಿನಿಂದ ಕೂಸು ಗುಟುಕರಿಸುವ ಸದ್ದು ಕೇಳಿತು.

ಅಷ್ಟೂ ನಾತ ಮೈಗೇರಿದಾಗ ಹೇಗಿರುತ್ತದೆ ಎಂದು ಹೇಳಿದರೆ ನಿಮ್ಮ ಅನ್ನ ಇಳಿಯುವುದಿಲ್ಲ, ಬಿಡಿ. ನಾನು ಕಟ್ಟಿಗೆ ಕೋಣೆಗೆ ಹೆಜ್ಜೆ ಇಟ್ಟೆ. ಕಸ್ತೂರೆವ್ವ ಅಡ್ಡ ನಿಂತಳು. ಮೂಗು ಮುಚ್ಚಿಕೊಂಡಿರಲಿಲ್ಲ. 'ಅಲ್ಲಿ ಯಾಕ?' ಎಂದಳು. 'ಅದು ಯಾರದೋ ಅವರ ಮನಿಗೇ ಒಯ್ದು ಕೊಡ್ರಿ.'

ಶಾಮಿಯಾನದವರ ಒಂದು ಪ್ಲಾಸ್ಟಿಕ್ ಕುರ್ಚಿ ನಮ್ಮಲ್ಲಿ ಉಳಿದಿತ್ತು. ಅದನ್ನು ತಲೆಯ ಮೇಲೆ ಹೊತ್ತು ಸೇತುವೆ ದಾಟಿದೆ. ಕಾವಲುಗಾರರು ನನ್ನನ್ನು ತಡೆಯಲು ಬಂದು, ಬಂದ ವೇಗದಲ್ಲೇ ಹಿಂದೆ ಸರಿದರು. ಮ್ಯಾನೇಜರರ ಕಿಟಕಿಯ ಕೆಳಗೆ ಕುರ್ಚಿ ಹಾಕಿ ಕೂತೆ. ಸಂಜೆಗೆ ಕಸ್ತೂರೆವ್ವ ರೊಟ್ಟಿ ಗಂಟು ಹಿಡಿದು ಬಂದಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎದೆ ತುಂಬ ಮೂಸಿದಳು, ಕಣ್ಣಲ್ಲಿ ನೀರು ಬರುವವರೆಗೂ ಮೂಸಿ, ಮೇಲಿನ ಕಿಟಕಿಗೆ ಕೇಳುವ ಹಾಗೆ 'ನಾರಾಕತ್ತೈತಿ' ಎಂದಳು. 'ಏಳ್ರಿ, ಇನ್ನ ನನ್ನ ಪಾಳಿ. ಮನಿಗಿ ಹೋಗಿ ಕೂಸು ಎತ್ಕೋರಿ, ನಾಳೆ ಅದು ಹೊಕ್ಕೈತಿ.' ಹೀಗೆ ಕೂಸು ಅವಳಿಗೂ ಸಿಕ್ಕಿತು, ನನಗೂ ಸಿಕ್ಕಿತು. ಒಬ್ಬರ ಮೈ ತುಂಬುವುದರೊಳಗೆ ಇನ್ನೊಬ್ಬರು ಹೊತ್ತರೆ ಅದು ಊರಿಗೆ ಚೆಲ್ಲುವುದೇ ಇಲ್ಲ, ಎಲ್ಲವೂ ಆ ಕಿಟಕಿಯ ಕೆಳಗೇ ನಿಲ್ಲುತ್ತದೆ ಎನ್ನುವುದು ಇಷ್ಟು ವರ್ಷ ಯಾರ ತಲೆಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಒಬ್ಬೊಬ್ಬರೂ ಒಂದೊಂದು ಕಟ್ಟಿಗೆ ಕೋಣೆಯಲ್ಲಿ ಕೂತಿದ್ದೆವು.

ಮೂರನೆಯ ಪಾಳಿಗೆ ಊದಿನಕಡ್ಡಿ ಅಂಗಡಿಯ ಮುದುಕಿ ಬಂದಳು, ವ್ಯಾಪಾರ ಕೆಟ್ಟರೂ ಚಿಂತೆಯಿಲ್ಲ ಎನ್ನುತ್ತ. ಆಮೇಲೆ ನಮ್ಮ ಓಣಿಯೇ ಬಂತು. ಈಗ ಪಾಳಿ ತಪ್ಪಿಸಿದರು ಎಂದು ನಮ್ಮ ಮಂದಿ ಜಗಳವಾಡುತ್ತಾರೆ. ಗುರುಸಿದ್ದಪ್ಪ ಕುರ್ಚಿಗೆ ಪುರಸಭೆಯ ಹೆಸರು ಬರೆಸಿಕೊಡಲೇ ಎಂದು ಕೇಳಿ ಕಳಿಸಿದ್ದಾನೆ, ತಾನು ಕೂರುವ ಮಾತು ಮಾತ್ರ ಆಡಿಲ್ಲ. ದಾಕ್ಷಾಯಣಿಯ ಫೋನು ಬಂದಾಗೆಲ್ಲ ಕಸ್ತೂರೆವ್ವ ಮೊದಲು ಕೇಳುವುದು, 'ಕೂಸು ಹಾಲು ಕುಡೀತೇನವಾ?' ದಸರೆಗೆ ಅವರು ಬರುತ್ತಾರೆ.

ಇವತ್ತು ನನ್ನ ಪಾಳಿ. ಹೊತ್ತು ಕಳೆಯಲಿ ಎಂದು ಇದನ್ನು ಬರೆಯುತ್ತ ಕೂತಿದ್ದೇನೆ. ಹತ್ತುವುದೆಲ್ಲ ಆಗಲೇ ಹತ್ತಿದೆ, ಇನ್ನು ಬರೆಯಲು ಅಂಜಿಕೆ ಯಾಕೆ? ಈಗ ತಾನೇ ಜವಾನ ಮೂಗಿಗೆ ಟವೆಲ್ ಕಟ್ಟಿಕೊಂಡು ದೂರದಲ್ಲಿ ನಿಂತು ಕೂಗಿದ, 'ಶಿವಪುತ್ರಪ್ಪಾರ, ಸಾಹೇಬ್ರು ಕೇಳಾಕತ್ತಾರ್ರಿ, ಈ ಕುರ್ಚಿ ಇಲ್ಲಿಂದ ಎಂದ ತಗೀತೀರಿ ಅಂತ.'

ಎಷ್ಟೋ ಸಾವಿರ ಸಭೆಗಳಲ್ಲಿ ಮಾತಾಡಿದವನು ನಾನು. ಎದ್ದು ನಿಂತು, ಮೇಲೆ ಮುಚ್ಚಿದ ಕಿಟಕಿಯನ್ನು ನೋಡಿ, ಮೈಕಿಲ್ಲದ ನನ್ನ ಸ್ವಂತ ದನಿಯಲ್ಲಿ ಕೂಗಿದೆ: 'ನಮ್ಮ ಮೊಮ್ಮಗಳು ದಸರಾಕ್ಕ ಬರ್ತಾಳಂತ ಹೇಳಪಾ. ಅಷ್ಟರಾಗ ಆಕಿ ಗಾಳಿ ಆಕೀಗೆ ಕೊಟ್ಟಬಿಡ್ರಿ. ಕುರ್ಚಿ ನಾನ ಹೊತ್ಕೊಂಡ ಹೊಕ್ಕೀನಿ.'